ಹೋರಿಗರುವಿನ ಹೊಟ್ಟೆಗೆ ಬರೀ ಕಣಿಕೆ ಸಾಲದು

ಮಾನ್ಯ ಸಂಪಾದಕರೆ,

ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಯಾವುದೇ ದನದ ಸಂತೆಯಲ್ಲಿ ವರ್ಷ ತುಂಬಿದ ಹೋರಿಗರುಗಳ ಸಾಲು ನೋಡಿ. ಹೆಚ್ಚಿನವಕ್ಕೆ ಡೊಳ್ಳು ಹೊಟ್ಟೆ, ಇಕ್ಕಟ್ಟಾದ ಎದೆ, ಎದ್ದು ಕಾಣುವ ಬೆನ್ನೆಲುಬು, ಹೊಳಪಿಲ್ಲದ ಒರಟು ಕೂದಲು. ನೋಡಿದವರು ‘ದೇವಣಿ ತಳಿ ಕೆಟ್ಟುಹೋಯಿತು’ ಅಂದು ಮುಂದೆ ಹೋಗುತ್ತಾರೆ. ನಮ್ಮ ಭಾಗದ ಈ ದನದ ತಳಿ ಕೆಟ್ಟಿಲ್ಲ. ಕೆಟ್ಟಿರುವುದು ಕರು ಹುಟ್ಟಿದ ಮೊದಲ ವರ್ಷದ ಮೇವಿನ ಲೆಕ್ಕ. ಹಾಲು ಕೊಡುವ ಆಕಳು, ಎಮ್ಮೆಗಳ ಆಹಾರದ ಬಗ್ಗೆ ಪತ್ರಿಕೆಗಳ ಕೃಷಿ ಪುಟಗಳಲ್ಲಿ ಸಾಕಷ್ಟು ಬರುತ್ತದೆ. ಗಂಡುಗರುವಿನ ಬಗ್ಗೆ ಒಂದು ಸಾಲು ಸಿಗುವುದೂ ಅಪರೂಪ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಬೇಕು.

ಗಂಡುಗರು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಹೊರದೇಶಗಳಲ್ಲಿ ಮಾಂಸಕ್ಕೆಂದೇ ಹೋರಿ ಸಾಕುತ್ತಾರೆ, ಅವುಗಳ ಮೇವಿನ ಲೆಕ್ಕವೇ ಬೇರೆ. ನಮ್ಮ ರಾಜ್ಯದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯ ನಂತರ ಹೋರಿಗರುವಿಗೆ ಎತ್ತಾಗುವುದೊಂದೇ ದಾರಿ. ಎತ್ತಿನ ಕೆಲಸವೂ ಮುಗಿದಿಲ್ಲ. ತೊಗರಿ ಮೊಳಕಾಲುದ್ದ ಬೆಳೆದ ಮೇಲೆ ಸಾಲಿನ ನಡುವೆ ಎಡೆ ಹೊಡೆಯಲು ಟ್ರ್ಯಾಕ್ಟರ್ ಹೋಗುವುದಿಲ್ಲ. ಎರೆಭೂಮಿ ಮಳೆಗೆ ನೆನೆದಾಗ ಟ್ರ್ಯಾಕ್ಟರ್ ಗಾಲಿ ಹೂತುಹೋಗುತ್ತದೆ, ಎತ್ತು ಅದಕ್ಕಿಂತ ಮೊದಲೇ ಹೊಲಕ್ಕೆ ಇಳಿಯುತ್ತದೆ. ಎರಡು ಮೂರು ಎಕರೆಯವರಿಗೆ ಸ್ವಂತ ಜೋಡಿ ಇದ್ದರೆ ಹದ ತಪ್ಪುವುದಿಲ್ಲ. ಆದರೆ ಆ ಜೋಡಿ ನೊಗ ಎಳೆಯಬೇಕಾದರೆ ಮೈ ಬೇಕು. ದಿನವಿಡೀ ಕೆಲಸ ಮಾಡುವ ಎತ್ತು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಎಳೆತವನ್ನು ಸುಸ್ತಾಗದೆ ತಡೆಯುತ್ತದೆ. 400 ಕಿಲೋ ತೂಗುವ ಎತ್ತು 40 ಕಿಲೋ, 250 ಕಿಲೋದ್ದು 25 ಕಿಲೋ. ಸಣ್ಣ ಎತ್ತಿಗೆ ಹೊಡೆದು ಬಡಿದು ಕೆಲಸ ಮಾಡಿಸಿದರೆ ಹೊಲವೂ ಆಗುವುದಿಲ್ಲ, ಎತ್ತೂ ಉಳಿಯುವುದಿಲ್ಲ.

ಈಗ ಮೇವಿನ ಮಾತಿಗೆ ಬರುತ್ತೇವೆ. ದೇವಣಿ ಕರು ಹುಟ್ಟುವಾಗ ಸುಮಾರು 22ರಿಂದ 25 ಕಿಲೋ ಇರುತ್ತದೆ. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ ಎರಡರಿಂದ ಎರಡೂವರೆ ಲೀಟರ್, ಮೂರು ನಾಲ್ಕು ಸಲ ಹಂಚಿ ಕುಡಿಸಬೇಕು. ಮಾಸು ಬೀಳುವ ತನಕ ಕರುವಿಗೆ ಮೊಲೆ ಬಿಡಬಾರದು ಎಂಬ ರೂಢಿ ಹಲವು ಹಳ್ಳಿಗಳಲ್ಲಿ ಇನ್ನೂ ಇದೆ. ಇದರಿಂದ ಆಗುವ ಹಾನಿ ದೊಡ್ಡದು. ತಾಯಿಯ ರಕ್ತದಲ್ಲಿರುವ ರೋಗ ತಡೆಯುವ ಶಕ್ತಿ ಗರ್ಭದಲ್ಲಿ ಕರುವಿಗೆ ಬರುವುದಿಲ್ಲ, ಗಿಣ್ಣದ ಹಾಲಿನ ಮೂಲಕವೇ ಬರಬೇಕು. ಕರುವಿನ ಕರುಳು ಅದನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ತಾಸು ಮಾತ್ರ. 24 ತಾಸು ಕಳೆದರೆ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಎಷ್ಟು ಗಿಣ್ಣು ಕುಡಿಸಿದರೂ ಅದು ಬರೀ ಆಹಾರ. ಮಾಸು ಬೀಳುವುದಕ್ಕೂ ಹಾಲಿಗೂ ಸಂಬಂಧ ಇದ್ದರೆ ಅದು ಒಂದೇ: ಕರು ಚೀಪಿದರೆ ಮಾಸು ಬೇಗ ಬೀಳಲು ಅನುಕೂಲವಾಗುತ್ತದೆ. ಹೊಕ್ಕುಳ ಬಳ್ಳಿಯನ್ನು ಮೈಯಿಂದ ಎರಡು ಇಂಚು ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಕೆಳಗೆ ಕತ್ತರಿಸಿ, ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಸಗಣಿ, ಬೂದಿ ಹಚ್ಚಬಾರದು. ಹೊಕ್ಕುಳ ಹುಣ್ಣಾದ ಕರುವಿಗೆ ಆಮೇಲೆ ಮೊಳಕಾಲ ಗಂಟು ಬಾತು, ಜೀವ ಉಳಿದರೂ ಕುಂಟು ಉಳಿಯುತ್ತದೆ. ಕುಂಟು ಹೋರಿಗೆ ನೊಗ ಕಟ್ಟಲಾಗದು.

ಮೊದಲ ತಿಂಗಳು ತೂಕದ ಹತ್ತರಲ್ಲೊಂದು ಪಾಲು ಹಾಲು, ಎರಡನೇ ತಿಂಗಳು ಹದಿನೈದರಲ್ಲೊಂದು, ಮೂರನೇ ತಿಂಗಳು ಇಪ್ಪತ್ತರಲ್ಲೊಂದು. ಕರು ಬೆಳೆಯುತ್ತಾ ಹೋಗುವುದರಿಂದ ಲೀಟರ್ ಲೆಕ್ಕದಲ್ಲಿ ಇದು ದಿನಕ್ಕೆ ಎರಡೂಕಾಲು ಎರಡೂವರೆ ಲೀಟರಿನ ಸುತ್ತಲೇ ನಿಲ್ಲುತ್ತದೆ. ಮೂರು ತಿಂಗಳಿಗೆ ಒಟ್ಟು 200 ಲೀಟರ್ ಆಸುಪಾಸು. ದಿನಕ್ಕೆ ನಾಲ್ಕೈದು ಲೀಟರ್ ಕೊಡುವ ಆಕಳಾದರೆ ಎರಡು ಮೊಲೆ ಕರುವಿಗೆ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಹೆಣ್ಣುಗರುವಾದರೆ ಎರಡು ಮೊಲೆ, ಹೋರಿಗರುವಾದರೆ ಸೊರೆ ಬಿಡಿಸಲು ಮಾತ್ರ ಬಾಯಿ ಹಚ್ಚಿಸಿ ಎಳೆದು ಕಟ್ಟುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ಉಳಿಸಿದ ಒಂದು ಲೀಟರ್ ಹಾಲು ಎರಡು ವರ್ಷದ ಮೇಲೆ ಎತ್ತಿನ ಬೆಲೆಯಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಹೋರಿಗರು ಸಾಕುವವರು ಕರುವಿನ ಹೊಟ್ಟೆ ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ದನಕ್ಕೆ ನಾಲ್ಕು ಹೊಟ್ಟೆ. ಹುಟ್ಟಿದ ಕರುವಿನಲ್ಲಿ ಕೆಲಸ ಮಾಡುವುದು ನಾಲ್ಕನೆಯದು ಮಾತ್ರ. ಚೀಪುವಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು ಹಾಲು ನೇರವಾಗಿ ಅಲ್ಲಿಗೆ ಇಳಿಯುತ್ತದೆ. ಮೇವು ಹುದುಗುವ ದೊಡ್ಡ ಹೊಟ್ಟೆ ಆಗ ಸಣ್ಣ ಚೀಲ, ಒಳಗೋಡೆ ನುಣ್ಣಗೆ. ಆ ಗೋಡೆಯ ಮೇಲೆ ಟವೆಲ್ಲಿನ ನೂಲಿನ ಹಾಗೆ ಎಳೆಗಳು ಏಳಬೇಕು, ಸತ್ವ ಹೀರುವುದು ಅವೇ. ಆ ಎಳೆಗಳನ್ನು ಬೆಳೆಸುವುದು ಕಾಳಿನ ನುಚ್ಚು, ಹಿಂಡಿ ಹುದುಗಿದಾಗ ಹುಟ್ಟುವ ಆಮ್ಲಗಳು. ಒಣ ಕಣಿಕೆ (ಜೋಳದ ದಂಟಿನ ಮೇವು) ಚೀಲವನ್ನು ಹಿಗ್ಗಿಸುತ್ತದೆ, ಎಳೆಗಳನ್ನು ಬೆಳೆಸುವುದಿಲ್ಲ. ಎರಡು ತಿಂಗಳಿಗೇ ಹಾಲು ಬಿಡಿಸಿ ಕಣಿಕೆ ಮುಂದೆ ಹಾಕಿದ ಕರುವಿನ ಚೀಲ ದೊಡ್ಡದಾಗುತ್ತದೆ, ಅರಗದ ಮೇವು ಅದರಲ್ಲಿ ದಿನಗಟ್ಟಲೆ ಕೂಡುತ್ತದೆ. ಅದೇ ಡೊಳ್ಳು ಹೊಟ್ಟೆ. ‘ಹೊಟ್ಟೆ ತುಂಬಾ ತಿಂತದ, ಛಲೋ ಬೆಳೀತದ’ ಎಂದು ಅದನ್ನು ಹಿಗ್ಗಿನಿಂದ ತೋರಿಸುವವರೂ ಇದ್ದಾರೆ. ಹೊಟ್ಟೆಯನ್ನಲ್ಲ, ಪಕ್ಕೆಲುಬಿನ ಮೇಲಿನ ಮಾಂಸ ಮತ್ತು ಮುಂಗಾಲುಗಳ ನಡುವಿನ ಎದೆಯ ಅಗಲ ನೋಡಬೇಕು. ಡೊಳ್ಳು ಹೊಟ್ಟೆಯ ಜತೆ ಹಿಂಭಾಗದ ತೊಡೆ ಚಪ್ಪಟೆ ಇದ್ದರೆ ಕರು ಹಸಿದಿದೆ ಎಂದೇ ಅರ್ಥ.

ಹಾಗಾಗಿ ಎರಡನೇ ವಾರದಿಂದಲೇ ಕರುವಿಗೆ ತನ್ನದೇ ಹಿಂಡಿ ಮಿಶ್ರಣ ಬೇಕು. ಇದಕ್ಕೆ ಪೇಟೆಯ ಚೀಲ ಬೇಕೆಂದಿಲ್ಲ. 20 ಕಿಲೋ ಮಾಡಿಕೊಳ್ಳಲು ಜೋಳ ಅಥವಾ ಮೆಕ್ಕೆಜೋಳದ ನುಚ್ಚು 9 ಕಿಲೋ, ಶೇಂಗಾ ಹಿಂಡಿ 6 ಕಿಲೋ, ಗೋಧಿ ಬೂಸಾ 2 ಕಿಲೋ 400 ಗ್ರಾಂ, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು) 2 ಕಿಲೋ, ಖನಿಜ ಮಿಶ್ರಣ 400 ಗ್ರಾಂ, ಉಪ್ಪು 200 ಗ್ರಾಂ. ಇದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನ್ ಬರುತ್ತದೆ. ಜೋಳವನ್ನು ಹಿಟ್ಟು ಮಾಡಬಾರದು, ರವೆಗಿಂತ ದಪ್ಪ ಇರಬೇಕು. ಹಿಟ್ಟಾದರೆ ಮೂಗಿಗೆ ಏರುತ್ತದೆ, ಬಾಯಲ್ಲಿ ಮುದ್ದೆ ಕಟ್ಟುತ್ತದೆ, ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ. ನೀರು ಕಲಸದೆ ಒಣದಾಗಿಯೇ ಇಡಬೇಕು. ಮೊದಮೊದಲು ಕರು ತಿನ್ನದು. ಹಾಲು ಕುಡಿದ ಕೂಡಲೇ ಒಂದು ಚಿಟಿಕೆ ಬಾಯಿಗೆ ಸವರಿದರೆ ನಾಲ್ಕೈದು ದಿನದಲ್ಲಿ ರುಚಿ ಹತ್ತುತ್ತದೆ. ಒಂದು ತಿಂಗಳಿಗೆ 100 ಗ್ರಾಂ, ಎರಡು ತಿಂಗಳಿಗೆ 300, ಮೂರಕ್ಕೆ ಅರ್ಧ ಕಿಲೋ, ಆರು ತಿಂಗಳ ಹೊತ್ತಿಗೆ ಒಂದು ಕಿಲೋ. ಆರು ತಿಂಗಳಿಗೆ ಒಟ್ಟು ಖರ್ಚಾಗುವುದು 90 ಕಿಲೋ ಆಸುಪಾಸು. ಹಾಲು ಬಿಡಿಸುವ ದಿನವನ್ನು ಕ್ಯಾಲೆಂಡರ್ ನೋಡಿ ನಿಶ್ಚಯಿಸಬೇಡಿ. ಕರು ಸತತ ಮೂರು ದಿನ ಅರ್ಧ ಕಿಲೋ ಹಿಂಡಿ ಮುಗಿಸಿದರೆ ಆಗ ಬಿಡಿಸಬಹುದು. ಇದರ ಜತೆಗೆ ಮೆತ್ತನೆಯ ಒಣಹುಲ್ಲು ಒಂದು ಹಿಡಿ, ಶುದ್ಧ ನೀರು ಮೊದಲ ವಾರದಿಂದಲೇ. ನೀರಿಲ್ಲದಿದ್ದರೆ ದೊಡ್ಡ ಹೊಟ್ಟೆಯಲ್ಲಿ ಏನೂ ಹುದುಗುವುದಿಲ್ಲ. ಹಾಲು ಕುಡಿದಿದೆ, ನೀರೇಕೆ ಎನ್ನುವವರು ಇದನ್ನು ಗಮನಿಸಬೇಕು.

ಹಿಂಡಿಯ ಬಗ್ಗೆ ಎಚ್ಚರಿಕೆ ಅಗತ್ಯ. ಶೇಂಗಾ ಹಿಂಡಿ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಕರುವಿನ ಯಕೃತ್ತನ್ನು ಹಾಳು ಮಾಡುತ್ತದೆ, ಬಿಸಿಲಿಗೆ ಒಣಗಿಸಿದರೂ ಕುದಿಸಿದರೂ ಹೋಗುವುದಿಲ್ಲ. ಹಸಿರು, ಹಳದಿ ಪುಡಿ ಕಂಡ ಗಡ್ಡೆ, ಮುಗ್ಗಲು ವಾಸನೆಯ ಚೀಲ ಎತ್ತಿಗೂ ಬೇಡ, ಕೋಳಿಗೂ ಬೇಡ, ತಿಪ್ಪೆಗೆ ಹಾಕಿ. ಒಂದು ಸಲಕ್ಕೆ 20 ಕಿಲೋ ಮಾತ್ರ ಕಲಸಿಕೊಳ್ಳಿ ಎನ್ನುವುದು ಇದಕ್ಕೇ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷ ಇರುತ್ತದೆ. ಬೆಳೆದ ದನದ ದೊಡ್ಡ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಎಳೆಗರುವಿನದು ತಡೆಯದು. ನಾಲ್ಕು ತಿಂಗಳ ಒಳಗೆ ಹತ್ತಿಕಾಳನ್ನೂ ಅದರ ಹಿಂಡಿಯನ್ನೂ ಮುಟ್ಟಿಸಬೇಡಿ. ಬೀದರ್ ಕಡೆ ಮನೆಯ ಸೋಯಾ ಕಾಳು ಒಡೆಸಿ ದನಕ್ಕೆ ಹಾಕುವುದುಂಟು. ಹಸಿ ಸೋಯಾ ಕರುವಿಗೆ ಅರಗುವುದಿಲ್ಲ, ಹುರಿದೇ ಕೊಡಬೇಕು. ಯೂರಿಯಾ ಹಾಕಿದ ಮೇವಿನ ಜತೆಗಂತೂ ಹಸಿ ಸೋಯಾ ಕೂಡಲೇಬಾರದು. ಕಾಳಿನಲ್ಲಿರುವ ಕಿಣ್ವ ಯೂರಿಯಾವನ್ನು ಕ್ಷಣದಲ್ಲಿ ಅಮೋನಿಯಾ ಮಾಡುತ್ತದೆ, ದನ ನಡುಗಿ ಜೊಲ್ಲು ಸುರಿಸಿ ಬೀಳುತ್ತದೆ.

ಆರು ತಿಂಗಳ ನಂತರ ನಮ್ಮ ಹೊಲದ ಮೇವು ಕೆಲಸಕ್ಕೆ ಬರುತ್ತದೆ. ಇಲ್ಲಿ ನಮ್ಮ ಮೂರೂ ಜಿಲ್ಲೆಗಳು ಬಡವೇನಲ್ಲ. ಹಿಂಗಾರಿ ಮಾಲದಂಡಿ ಜೋಳದ ಕಣಿಕೆ ದನ ಬಿಡದೆ ತಿನ್ನುವ ಮೇವು, ಆದರೆ ಅದರಲ್ಲಿ ಪ್ರೋಟೀನ್ ನೂರಕ್ಕೆ ನಾಲ್ಕರ ಸುತ್ತ. ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಬದುಕಿರಲಿಕ್ಕೇ ಏಳೆಂಟು ಬೇಕು, ಬೆಳೆಯುವ ಕರುವಿನ ಒಟ್ಟು ಮೇವಿನಲ್ಲಿ ಹನ್ನೆರಡಾದರೂ ಇರಬೇಕು. ಆ ಕೊರತೆ ತುಂಬುವುದು ತೊಗರಿ ಹೊಟ್ಟು. ರಾಶಿ ಮಾಡಿದಾಗ ಬೀಳುವ ಎಲೆ, ಕಾಯಿಸಿಪ್ಪೆಯ ಆ ಹೊಟ್ಟನ್ನು ಕಣದಲ್ಲೇ ಬಿಟ್ಟು ಗಾಳಿಗೆ ಕೊಡುವವರು, ಬೆಂಕಿಗೆ ಹಾಕುವವರು ಎಷ್ಟೋ ಜನ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು. ಅದೇ ತೊಗರಿಯ ಹೊಟ್ಟು, ಚುನ್ನಿಗಳೂ ನಮ್ಮ ದನಗಳ ಪಾಲಿಗೆ ಅಷ್ಟೇ ಬೆಲೆಯವು. ಹೊಟ್ಟನ್ನು ಮಳೆ ತಾಗದ ಕಡೆ ತುಂಬಿಡಿ, ಕಡ್ಡಿ ಆರಿಸಿ ತೆಗೆಯಿರಿ. ಮಣ್ಣು ಹೆಚ್ಚಾಗಿದ್ದರೆ ಜರಡಿ ಹಿಡಿಯಿರಿ.

ಒಂಬತ್ತು ತಿಂಗಳ, 120 ಕಿಲೋ ತೂಕದ ಹೋರಿಗರುವಿಗೆ ಒಂದು ದಿನದ ಮೇವು ಹೀಗಿರಲಿ: ಕತ್ತರಿಸಿದ ಕಣಿಕೆ ಒಂದೂವರೆ ಕಿಲೋ, ತೊಗರಿ ಹೊಟ್ಟು ಅರ್ಧ ಕಿಲೋ, ಬೇಲಿಮೆಂತ್ಯ ಅಥವಾ ಕುದುರೆಮೆಂತ್ಯದ ಹಸಿಮೇವು 4 ಕಿಲೋ, ಹಿಂಡಿ ಮಿಶ್ರಣ ಮುಕ್ಕಾಲು ಕಿಲೋ. ಒಣ ಲೆಕ್ಕದಲ್ಲಿ ಇದು ಮೂರು ಕಿಲೋ ಮೀರುತ್ತದೆ, ಕರುವಿನ ತೂಕದ ನೂರಕ್ಕೆ ಎರಡೂಮುಕ್ಕಾಲು. ತೂಕ ಏರಿದಂತೆ ಇದೇ ಹೊಂದಿಕೆಯಲ್ಲಿ ಹೆಚ್ಚಿಸುತ್ತಾ ಹೋಗಬೇಕು. ಕಣಿಕೆಯನ್ನು ಉದ್ದಕ್ಕೇ ಹಾಕಿದರೆ ಎಲೆ ತಿಂದು ದಂಟು ಬಿಡುತ್ತದೆ, ಮೂರರಲ್ಲಿ ಒಂದು ಭಾಗ ಕಾಲಡಿಗೆ ಹೋಗುತ್ತದೆ. ಒಂದು ಒಂದೂವರೆ ಇಂಚಿಗೆ ಕತ್ತರಿಸಿ, ಸ್ವಲ್ಪ ಉಪ್ಪುನೀರು ಚಿಮುಕಿಸಿ ಹೊಟ್ಟಿನ ಜತೆ ಕಲಸಿದರೆ ಗೋದಲಿ ಖಾಲಿಯಾಗುತ್ತದೆ. ನೀರಾವರಿ ಇದ್ದ ಕಡೆ ಎರಡು ಗುಂಟೆ ಬೇಲಿಮೆಂತ್ಯ ಹಾಕಿದರೆ ಒಂದು ಕರುವಿನ ಹಸಿಮೇವು ವರ್ಷವಿಡೀ ಸಿಗುತ್ತದೆ. ನೀರಿಲ್ಲದವರು ಬದುವಿನ ಮೇಲೆ ಸುಬಾಬುಲ್, ಗ್ಲಿರಿಸಿಡಿಯಾ ನೆಡಬಹುದು. ಸುಬಾಬುಲ್ ಹಸಿಮೇವಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದರೆ ಅದರಲ್ಲಿರುವ ಮಿಮೋಸಿನ್‌ನಿಂದ ಕೂದಲು ಉದುರುತ್ತದೆ. ಗ್ಲಿರಿಸಿಡಿಯಾದ ವಾಸನೆಗೆ ಮೊದಲು ಮೂಗು ತಿರುಗಿಸುತ್ತದೆ. ಒಂದು ದಿನ ಬಾಡಿಸಿ ಹಾಕಿ.

ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಕಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರ ಸಮಸ್ಯೆ ಬೇರೆ. ಕಟಾವು ಯಂತ್ರ ಬಿಟ್ಟುಹೋದ ಭತ್ತದ ಹುಲ್ಲನ್ನು ಹೊಲದಲ್ಲೇ ಸುಡುತ್ತಾರೆ. ಭತ್ತದ ಹುಲ್ಲು ಸಪ್ಪೆ ಮೇವು, ನಿಜ. ಆದರೆ ಯೂರಿಯಾ ಕಟ್ಟಿದರೆ ವರ್ಷದ ಹೋರಿಗೆ ಉಪಯೋಗಕ್ಕೆ ಬರುತ್ತದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿ ಆಡದ ಹಾಗೆ ತಾಡಪತ್ರಿ ಮುಚ್ಚಿ 21 ದಿನ ಬಿಡಬೇಕು. ಚಳಿಗಾಲದಲ್ಲಿ ಇನ್ನೊಂದು ವಾರ. ತೆಗೆದ ಮೇಲೆ ಒಂದು ತಾಸು ಹರಡಿ ಘಾಟು ಹೋದ ಮೇಲೆ ಹಾಕಬೇಕು. ತೂಕ ಅಂದಾಜಿನಿಂದ ಮಾಡುವುದು, ಯೂರಿಯಾ ಹರಳು ಕರಗದೆ ಉಳಿಯುವುದು, ಕರಗಿಸಿದ ನೀರಿನ ಬಕೆಟ್ಟನ್ನು ದನದ ಬಾಯಿಗೆ ಸಿಗುವಂತೆ ಇಡುವುದು, ಈ ಮೂರರಿಂದಲೇ ಸಾವು ಆಗುವುದು. ಆರು ತಿಂಗಳ ಒಳಗಿನ ಕರುವಿಗೆ ಯೂರಿಯಾ ಮೇವು ಪೂರ್ತಿ ನಿಷಿದ್ಧ. ಕಬ್ಬಿನ ಹಂಗಾಮಿನಲ್ಲಿ ಬೀದರ್ ಜಿಲ್ಲೆಯಲ್ಲಿ ಕಬ್ಬಿನ ತುದಿಯ ಹಸಿ ಎಲೆಯನ್ನೇ ಮೂರು ನಾಲ್ಕು ತಿಂಗಳು ಹಾಕುತ್ತಾರೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಎಲುಬು ಬೆಳೆಯುವ ವಯಸ್ಸಿನಲ್ಲಿ ಇದು ನೇರ ನಷ್ಟ. ಅರ್ಧ ಹಸಿಮೇವು ಕಬ್ಬಿನದಾದರೆ ಇನ್ನರ್ಧ ದ್ವಿದಳದ್ದಿರಲಿ, ಖನಿಜ ಮಿಶ್ರಣ ತಪ್ಪಿಸಬೇಡಿ.

ಕರುವಿಗೆ ದಿನಕ್ಕೆ 15–20 ಗ್ರಾಂ ಖನಿಜ ಮಿಶ್ರಣ, ವರ್ಷ ದಾಟಿದ ಮೇಲೆ 30 ಗ್ರಾಂ. ಕಣ್ಣಿ ಜಗಿಯುವುದು, ಗೋಡೆ ನೆಕ್ಕುವುದು, ಬಟ್ಟೆ, ಎಲುಬು, ಪ್ಲಾಸ್ಟಿಕ್ ಬಾಯಿಗೆ ಹಾಕುವುದು ಚೇಷ್ಟೆಯಲ್ಲ, ರಂಜಕದ (ಫಾಸ್ಫರಸ್) ಕೊರತೆ. ಖನಿಜ ಕೊಟ್ಟ ಕೆಲವು ವಾರಗಳಲ್ಲಿ ಈ ಚಟ ಇಳಿಯುತ್ತದೆ. ಇಳಿಯದಿದ್ದರೆ ಹೊಟ್ಟೆಯಲ್ಲಿ ಹುಳು ಇದೆ ಎಂದು ತಿಳಿಯಿರಿ. ನಮ್ಮ ಬೇಸಿಗೆಯಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುವುದು ಹೊಸದಲ್ಲ. ಆ ದಿನಗಳಲ್ಲಿ ನೂರು ಕಿಲೋ ತೂಕಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರು ಬೇಕು. ಹಿಂಡಿಯನ್ನು ಬೆಳಗಿನ ತಂಪಿನಲ್ಲಿ, ಕಣಿಕೆಯನ್ನು ಹೊತ್ತು ಮುಳುಗಿದ ಮೇಲೆ ಹಾಕಿದರೆ ತಿನ್ನುತ್ತದೆ. ತಗಡಿನ ಛಾವಣಿಯಾದರೆ ಮೇಲೆ ತೊಗರಿ ಕಟ್ಟಿಗೆ ಹರಡಿ.

ಜೋಳದ ವಿಷದ ಬಗ್ಗೆ ಗೊತ್ತಿದ್ದೂ ಪ್ರತಿವರ್ಷ ದನ ಸಾಯುತ್ತವೆ. ಮಳೆ ಕೈಕೊಟ್ಟು ಮೊಳಕಾಲುದ್ದದಲ್ಲೇ ಬಾಡಿ ನಿಂತ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಬಾಡಿದ ಬೆಳೆಗೆ ಮಳೆ ಬಿದ್ದು ಬಂದ ಹೊಸ ಕುಡಿ, ಇವುಗಳಲ್ಲಿ ಸಯನೈಡ್ ಇರುತ್ತದೆ. ತಿಂದ ಕೆಲವೇ ನಿಮಿಷದಲ್ಲಿ ಏದುಸಿರು, ನಡುಕ, ವಸಡು ಕೆಂಪಗೆ ಹೊಳೆಯುವುದು, ಬಿದ್ದು ಒದ್ದಾಡುವುದು. ವೈದ್ಯರು ನರಕ್ಕೆ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಉಳಿಯುತ್ತದೆ, ಹುಣಸೆ ನೀರು, ಮಜ್ಜಿಗೆ ಕುಡಿಸುತ್ತಾ ಕೂತರೆ ಹೋಗುತ್ತದೆ. ಹೂ ಬರುವ ತನಕ ಹಸಿ ಜೋಳ ಮೇಯಿಸಬೇಡಿ. ಕೊಯ್ದು ಚೆನ್ನಾಗಿ ಒಣಗಿಸಿದರೆ ಈ ವಿಷ ಇಳಿಯುತ್ತದೆ. ಆದರೆ ಯೂರಿಯಾ ಹೆಚ್ಚು ಹಾಕಿ ಬೆಳೆಸಿದ ಮೇವಿನ ನೈಟ್ರೇಟ್ ವಿಷ ಒಣಗಿಸಿದರೂ ಹೋಗದು, ಇದು ನೆನಪಿರಲಿ.

ರಾಶಿಯ ದಿನಗಳಲ್ಲಿ ಕಣ್ಣಿ ಬಿಚ್ಚಿಕೊಂಡ ಹೋರಿ ಕಾಳಿನ ಗುಂಪಿಗೆ ಬಾಯಿ ಹಾಕುವುದು, ಮದುವೆ ಮನೆಯ ಉಳಿದ ಅನ್ನವನ್ನು ಬುಟ್ಟಿಗಟ್ಟಲೆ ಸುರಿಯುವುದು, ಎರಡರ ಫಲವೂ ಒಂದೇ. ಹೊಟ್ಟೆಯೊಳಗೆ ಹುಳಿ ಏರಿ ದನ ಮೆಲುಕು ನಿಲ್ಲಿಸುತ್ತದೆ, ಹುಳಿವಾಸನೆಯ ನೀರು ಭೇದಿ, ಆಮೇಲೆ ಏಳಲಾರದು. ಕರುವಿಗೆ ಅಡುಗೆ ಸೋಡಾ 50 ಗ್ರಾಂ ನೀರಿನಲ್ಲಿ ಕೊಟ್ಟು ತಡಮಾಡದೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಎಡ ಪಕ್ಕೆ ನಗಾರಿಯಂತೆ ಉಬ್ಬಿದ್ದರೆ ಮುಂಗಾಲು ಎತ್ತರದಲ್ಲಿ ನಿಲ್ಲಿಸಿ, ಕರುವಾದರೆ 100 ಮಿಲಿ ಶೇಂಗಾ ಎಣ್ಣೆ ನಿಧಾನವಾಗಿ ಕೊಡಿ.

ಎಣ್ಣೆ, ಔಷಧಿ ಕುಡಿಸುವ ರೀತಿಯ ಬಗ್ಗೆ ಒಂದು ಮಾತು. ಕಾರ ಹುಣ್ಣಿಮೆಗೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಎಣ್ಣೆ, ಅರಿಶಿನ, ತತ್ತಿ ಹಾಕುವುದು ನಮ್ಮ ಹಿರಿಯರಿಂದ ಬಂದದ್ದು, ಮಳೆಗಾಲದ ದುಡಿಮೆಗೆ ಮುಂಚೆ ಎತ್ತಿಗೆ ಮಾಡುವ ಉಪಚಾರ. ಆದರೆ ಇಬ್ಬರು ಮೂವರು ಹಿಡಿದು ಮುಸುಡಿಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು ಒಂದೇ ಸಲ ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡು ದಿನ ಕೆಮ್ಮು, ಜ್ವರ, ಮೂಗಿನಲ್ಲಿ ದುರ್ವಾಸನೆ, ಆಮೇಲೆ ಯಾವ ಔಷಧಿಗೂ ಬಗ್ಗದ ನ್ಯುಮೋನಿಯಾ. ಮುಸುಡಿ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು. ಗೊಟ್ಟದ ತುದಿ ದವಡೆಯ ಪಕ್ಕದಿಂದ ಒಳಗೆ ಹೋಗಬೇಕು, ನಾಲಿಗೆ ಬಿಟ್ಟಿರಬೇಕು, ಗುಟುಕು ಇಳಿದ ಮೇಲೆ ಇನ್ನೊಂದು ಗುಟುಕು. ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು. ವರ್ಷದೊಳಗಿನ ಕರುವಿಗೆ ಹಬ್ಬದ ಗೊಟ್ಟ ಬೇಡವೇ ಬೇಡ. ಹಣೆಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಅಷ್ಟು ಸಾಕು.

ಹುಳುವಿನ ಔಷಧಿ ಹತ್ತು ಹದಿನೈದನೇ ದಿನಕ್ಕೆ ಮೊದಲ ಸಲ, ನಂತರ ಆರು ತಿಂಗಳ ತನಕ ತಿಂಗಳಿಗೊಮ್ಮೆ, ಯಾವಾಗಲೂ ತೂಕ ನೋಡಿ, ವೈದ್ಯರನ್ನು ಕೇಳಿ. ಎಳೆಗರುವಿನ ದುಂಡು ಹುಳು ತಾಯಿಯ ಹಾಲಿನಿಂದಲೇ ಬರುತ್ತದೆ. ಮಣ್ಣಿನ ಬಣ್ಣದ, ಕೊಳೆತ ವಾಸನೆಯ ಭೇದಿ ಅದರ ಗುರುತು. ಸಗಣಿಯಲ್ಲಿ ರಕ್ತ ಕಂಡರೆ ಅದು ಬೇರೆ ರೋಗ, ಹುಳುವಿನ ಔಷಧಿಯಿಂದ ಗುಣವಾಗದು. ಭೇದಿ ಆದ ಕರುವಿಗೆ ಹಾಲು ನಿಲ್ಲಿಸಿ ಉಪವಾಸ ಕೆಡವುವುದು ತಪ್ಪು. ಹಾಲಿನ ನಡುವೆ ಎರಡು ತಾಸು ಬಿಟ್ಟು ಓಆರ್‌ಎಸ್ ನೀರು ಕೊಡಿ. ಕಾಲುಬಾಯಿ ಬೇನೆಯ ಲಸಿಕೆ ನಾಲ್ಕು ತಿಂಗಳಿಗೆ, ಒಂದು ತಿಂಗಳ ಮೇಲೆ ಮತ್ತೊಂದು, ಬಳಿಕ ಆರು ತಿಂಗಳಿಗೊಮ್ಮೆ. ಗಳಲೆ ಮತ್ತು ಚಪ್ಪೆ ಬೇನೆಗೆ ಆರು ತಿಂಗಳಾದ ಮೇಲೆ ಮುಂಗಾರಿಗೆ ಮೊದಲು. ಕಿವಿಗೆ ಓಲೆ ಹಾಕಿಸಿ, ವಿಮೆಗೆ ಅದೇ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ್ದು ಫಲಿಸಿತೇ ಎಂದು ತಿಳಿಯಲು ಕಣ್ಣಳತೆ ನಂಬಬೇಡಿ. ದರ್ಜಿಯ ಟೇಪು ತಂದು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂದಿನ ಎಲುಬಿನಿಂದ ಪಿರ್ರೆಯ ಎಲುಬಿನ ತನಕ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 44, ಉದ್ದ 40 ಇದ್ದರೆ 117 ಕಿಲೋ. ಬೆಳಗ್ಗೆ ನೀರು, ಮೇವಿಗೆ ಮುಂಚೆ, ಸಮ ನೆಲದ ಮೇಲೆ ನಿಲ್ಲಿಸಿ, ಪ್ರತಿ ತಿಂಗಳು ಅದೇ ರೀತಿ ಅಳೆದು ಬರೆದಿಡಿ. ದಿನಕ್ಕೆ 350 ಗ್ರಾಂ ಏರುತ್ತಿದ್ದರೆ ಕರು ಆರು ತಿಂಗಳಿಗೆ 85–90, ವರ್ಷಕ್ಕೆ 150 ಕಿಲೋ ಮುಟ್ಟುತ್ತದೆ. ಎರಡು ತಿಂಗಳು ಒಂದೇ ಕಡೆ ನಿಂತಿದ್ದರೆ ಮೊದಲು ಹುಳು, ಆಮೇಲೆ ಹಿಂಡಿ, ಆಮೇಲೆ ನೀರು, ಈ ಕ್ರಮದಲ್ಲಿ ಹುಡುಕಿ.

ಹೋರಿಯ ಬೀಜ ಒಡೆಸುವ (ಸಂತಾನಶಕ್ತಿ ತೆಗೆಸುವ) ವಯಸ್ಸಿನ ಬಗ್ಗೆ ಜಗಳವಿದೆ. ಮಾಂಸಕ್ಕೆ ಸಾಕುವ ದೇಶಗಳಲ್ಲಿ ಎಳೆಗರುವಿದ್ದಾಗಲೇ ಮಾಡಿಸುತ್ತಾರೆ, ಅವರಿಗೆ ಹೆಗಲು ಬೇಕಿಲ್ಲ. ನೊಗ ಹೊರುವ ಎತ್ತಿಗೆ ಕುತ್ತಿಗೆ, ಹಿಣಿಲು ತುಂಬಬೇಕು. ಎರಡು ವರ್ಷದ ಸುಮಾರಿಗೆ, ಚಳಿಗಾಲದಲ್ಲಿ, ನೊಣ ಕಡಿಮೆ ಇರುವಾಗ ಮಾಡಿಸುವುದು ಒಳ್ಳೆಯದು. ಕಲ್ಲಿನ ಮೇಲಿಟ್ಟು ಜಜ್ಜುವ ಪದ್ಧತಿ ಕ್ರೌರ್ಯ, ಅದನ್ನು ನಿಲ್ಲಿಸಲೇಬೇಕು. ಪಶು ಆಸ್ಪತ್ರೆಯಲ್ಲಿ ನೋವು ತಿಳಿಯದಂತೆ ಔಷಧಿ ಕೊಟ್ಟು, ಎರಡು ಬದಿಯ ನರವನ್ನೂ ಬೇರೆ ಬೇರೆಯಾಗಿ ಇಕ್ಕಳದಿಂದ ಹಿಸುಕುತ್ತಾರೆ. ಒಂದೂವರೆ ತಿಂಗಳ ಮೇಲೆ ಬೀಜ ಸಣ್ಣದಾಗಿದೆಯೇ ಮುಟ್ಟಿ ನೋಡಿ, ಆಗಿಲ್ಲವಾದರೆ ಒಂದು ನರ ತಪ್ಪಿದೆ. ಒಳ್ಳೆಯ ಮೈಕಟ್ಟಿನ, ತಾಯಿ ಹಾಲು ಚೆನ್ನಾಗಿ ಕೊಡುವ ದೇವಣಿ ಹೋರಿ ಇದ್ದರೆ ಒಡೆಸುವ ಮೊದಲು ಇಲಾಖೆಯವರಿಗೆ ತೋರಿಸಿ. ಮುಖದ ಬದಿ ಕಪ್ಪಿರುವ ವಾನೇರಾ, ಮೈತುಂಬಾ ಚುಕ್ಕೆಯ ಶೇವೆರಾ, ಬಿಳಿಯ ಬಾಳಂಕ್ಯಾ, ದೇವಣಿಯ ಈ ಮೂರು ಬಗೆಗಳಲ್ಲೂ ಬೀಜದ ಹೋರಿಗಳು ಉಳಿಯಬೇಕು. ಮೂಗುದಾರ ಒಂದೂವರೆ ಎರಡು ವರ್ಷಕ್ಕೆ, ಹಗುರ ಕೆಲಸ ಎರಡೂವರೆಗೆ, ಪೂರ್ತಿ ದುಡಿಮೆ ಮೂರು ವರ್ಷ ದಾಟಿದ ಮೇಲೆ.

ಕೊನೆಗೆ, ಸಂಬಂಧಪಟ್ಟವರಲ್ಲಿ ಕೆಲವು ಬೇಡಿಕೆಗಳಿವೆ. ಕಲಬುರಗಿಯ ಬೇಳೆ ಮಿಲ್ಲುಗಳ ಚುನ್ನಿ ಲಾರಿಗಟ್ಟಲೆ ಹೊರಗೆ ಹೋಗುತ್ತದೆ. ಹಾಲು ಸಹಕಾರ ಸಂಘಗಳ ಮೂಲಕ 25 ಕಿಲೋ ಚೀಲಗಳಲ್ಲಿ ಸಣ್ಣ ರೈತರಿಗೆ ಸಿಗುವಂತೆ ಮಾಡಬೇಕು. ಪ್ರತಿ ಪಶು ಆಸ್ಪತ್ರೆಯಲ್ಲಿ ಖನಿಜ ಮಿಶ್ರಣ ವರ್ಷವಿಡೀ ಇರಬೇಕು, ತೂಕ ಅಳೆಯುವ ಟೇಪು ರೈತರಿಗೆ ಸಿಗಬೇಕು. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಇದೆ. ಮಳೆಗಾಲದಲ್ಲಿ ರೈತರು ತಂದ ಹಿಂಡಿಯ ಮಾದರಿಗಳನ್ನು ಬೂಸ್ಟಿನ ವಿಷಕ್ಕೆ ಪರೀಕ್ಷಿಸಿ ಕೊಡುವ ವ್ಯವಸ್ಥೆಯನ್ನು ತಾಲ್ಲೂಕು ಮಟ್ಟಕ್ಕೂ ತರಬೇಕು. ಬರಗಾಲದಲ್ಲಿ ಮೇವು ಬ್ಯಾಂಕ್ ತೆರೆದಾಗ ಒಣಹುಲ್ಲಿನ ತೂಕ ಒಂದನ್ನೇ ಎಣಿಸದೆ, ವರ್ಷದೊಳಗಿನ ಪ್ರತಿ ಕರುವಿಗೆ, ಗಂಡಾಗಲಿ ಹೆಣ್ಣಾಗಲಿ, ದಿನಕ್ಕೆ ಅರ್ಧ ಕಿಲೋ ಹಿಂಡಿಯನ್ನೂ ಸೇರಿಸಿ ಕೊಡಬೇಕು.

— ದೇವಣಿ ದನ ಸಾಕುವ ರೈತರು, ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ